ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಎಂಟನೇ ತರಗತಿಯಲ್ಲೇ ಅನುದಾನ ಸಿಗಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ ಜಿಲ್ಲಾವಾರು ಸ್ಥಾನಗಳ ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ, ಫಲಿತಾಂಶ ಕುಸಿದ ಶಾಲೆಗಳ ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ, ಒಂದೆರಡು ವಾರ ಚರ್ಚೆ ನಡೆಯುತ್ತದೆ. 2023ರಲ್ಲಿ ಶೇ 83.89ರಷ್ಟಿದ್ದ ಉತ್ತೀರ್ಣತೆಯ ಪ್ರಮಾಣ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ, ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೂ, ಮೊದಲ ಪರೀಕ್ಷೆಯಲ್ಲಿ ಶೇ 73.40ಕ್ಕೆ ಇಳಿಯಿತು. ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇ 66.14ಕ್ಕೆ ಬಂದು ನಿಂತಿತು. ಇದಕ್ಕೆ ಸರ್ಕಾರ ಕಂಡುಕೊಂಡ ಉತ್ತರಗಳಲ್ಲಿ ಹೆಚ್ಚಿನವು ಪರೀಕ್ಷೆಗೇ ಸಂಬಂಧಿಸಿದವು: ವರ್ಷಕ್ಕೆ ಮೂರು ಪರೀಕ್ಷೆ, ಕೃಪಾಂಕ, ಉತ್ತೀರ್ಣತೆಗೆ ಬೇಕಾದ ಅಂಕಗಳ ಇಳಿಕೆ. ಮೂರು ಪರೀಕ್ಷೆಗಳ ಅವಕಾಶವನ್ನು ನಾನು ವಿರೋಧಿಸುವುದಿಲ್ಲ; ಒಂದು ದಿನದ ಜ್ವರದಿಂದ ಒಂದು ವರ್ಷ ಕಳೆದುಕೊಳ್ಳುತ್ತಿದ್ದ ಮಕ್ಕಳಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಆದರೆ ಹತ್ತನೇ ತರಗತಿಯ ಕೊನೆಯಲ್ಲಿ ಕಾಣಿಸಿಕೊಳ್ಳುವ ಈ ಸೋಲು ಆರಂಭವಾಗುವುದು ಅದಕ್ಕೆ ಬಹಳ ಮೊದಲು. ಅದನ್ನು ತಡೆಯಲು ಸರ್ಕಾರದ ಹಣ ತಲುಪಬೇಕಾದ ಜಾಗ ಪ್ರೌಢಶಾಲೆಯ ಪ್ರವೇಶ ಹಂತವಾದ ಎಂಟನೇ ತರಗತಿ ಎಂಬುದನ್ನು, ಬೆಂಗಳೂರಿನ ಪ್ರೌಢಶಾಲೆಗಳಲ್ಲಿ ಗಣಿತ ಬೋಧಿಸಿ ನಿವೃತ್ತಳಾದ ನಾನು, ತಮ್ಮ ಪತ್ರಿಕೆಯ ಮೂಲಕ ಸರ್ಕಾರದ ಗಮನಕ್ಕೆ ತರಲು ಬಯಸುತ್ತೇನೆ.

ಎಂಟನೇ ತರಗತಿಯ ಮೊದಲ ತಿಂಗಳಲ್ಲಿ ಗಣಿತ ಶಿಕ್ಷಕರು ಏನನ್ನು ಕಾಣುತ್ತಾರೆ ಎಂಬುದು ಶಾಲೆಯ ಹೊರಗಿರುವವರಿಗೆ ಸುಲಭವಾಗಿ ತಿಳಿಯುವುದಿಲ್ಲ. 503ರಿಂದ 278ನ್ನು ಕಳೆಯಲು ಕೊಟ್ಟರೆ ನಡುವಿನ ಸೊನ್ನೆಯ ಬಳಿ ಬಂದು ನಿಂತುಬಿಡುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. 816ನ್ನು 4ರಿಂದ ಭಾಗಿಸಿ 204ರ ಬದಲು 24 ಎಂದು ಬರೆಯುವವರು ಅವರಿಗಿಂತಲೂ ಹೆಚ್ಚು. ಮಗ್ಗಿಯನ್ನು ಮೊದಲಿನಿಂದ ರಾಗವಾಗಿ ಹೇಳಿಕೊಂಡು ಬಂದರೆ ಮಾತ್ರ ಏಳೆಂಟಲ ಎಷ್ಟು ಎಂದು ಹೇಳಬಲ್ಲವರೂ ಇರುತ್ತಾರೆ. ಇದೇ ಮಕ್ಕಳ ಮುಂದೆ ಪಠ್ಯಪುಸ್ತಕವು ಭಾಗಲಬ್ಧ ಸಂಖ್ಯೆಗಳನ್ನೂ ವರ್ಗಮೂಲವನ್ನೂ ಬೀಜೋಕ್ತಿಗಳ ಅಪವರ್ತನವನ್ನೂ ತೆರೆದಿಡುತ್ತದೆ. ಭಾಗಾಕಾರವೇ ಬಾರದ ಮಗುವಿಗೆ ಅಪವರ್ತನ ಎಂದರೆ ಹಲಗೆಯಿಂದ ನಕಲು ಮಾಡಿಕೊಳ್ಳುವ ಸಾಲುಗಳಷ್ಟೇ. ಕನ್ನಡದ ಸ್ಥಿತಿಯೂ ಬೇರೆಯಲ್ಲ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವ, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಆರಂಭವನ್ನು ಮರೆತುಬಿಡುವ ಮಗು ವಿಜ್ಞಾನದಲ್ಲೂ ಸಮಾಜ ವಿಜ್ಞಾನದಲ್ಲೂ ಹಿಂದುಳಿಯುತ್ತದೆ. ಆ ವಿಷಯಗಳು ಅದಕ್ಕೆ ಕಷ್ಟವೆಂದಲ್ಲ, ಪಾಠವನ್ನು ಸ್ವತಃ ಓದಿಕೊಳ್ಳಲಾಗುವುದಿಲ್ಲವೆಂದು. ಈ ಮಕ್ಕಳು ದಡ್ಡರಲ್ಲ. ಅಂಗಡಿಯಲ್ಲಿ ಚಿಲ್ಲರೆ ಲೆಕ್ಕವನ್ನು ತಪ್ಪದೆ ಮಾಡುವ ಹುಡುಗ, ತಾಯಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋದ ಮೇಲೆ ಮನೆಯನ್ನೂ ತಮ್ಮ ತಂಗಿಯರನ್ನೂ ನೋಡಿಕೊಂಡು ಶಾಲೆಗೆ ಬರುವ ಹುಡುಗಿ ಇವರಲ್ಲೇ ಇದ್ದಾರೆ. ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ ತಪ್ಪಿಹೋದ ಒಂದು ಮೆಟ್ಟಿಲನ್ನು ಅವರಿಗೆ ಮತ್ತೆ ಯಾರೂ ಕಟ್ಟಿಕೊಡಲಿಲ್ಲ, ಅಷ್ಟೇ.

ಕೋವಿಡ್ ಕಾಲದ ಲೆಕ್ಕ ಮುಗಿದುಹೋಯಿತೆಂಬ ಭಾವನೆ ಈಗ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪೂರ್ಣವಾಗಿ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. 2020-21ರಲ್ಲಿ ಮೂರನೇ ತರಗತಿಯಲ್ಲಿದ್ದ ಮಗು 2025-26ರಲ್ಲಿ ಎಂಟನೇ ತರಗತಿಗೆ ಬಂದಿದೆ. 2020-21ರಲ್ಲಿ ಒಂದನೇ ತರಗತಿಗೆ ಹೆಸರು ನೋಂದಾಯಿಸಿ, ಶಾಲೆಯ ಮುಖವನ್ನೇ ಸರಿಯಾಗಿ ಕಾಣದೆ ಅಕ್ಷರಾಭ್ಯಾಸದ ವರ್ಷವನ್ನು ಕಳೆದ ಮಕ್ಕಳು 2027-28ರಲ್ಲಿ ಎಂಟನೇ ತರಗತಿಗೆ ಬರಲಿದ್ದಾರೆ. ಅಂದರೆ ದೊಡ್ಡ ಅಂತರವಿರುವ ತಂಡಗಳು ಪ್ರೌಢಶಾಲೆಯ ಹೊಸ್ತಿಲನ್ನು ದಾಟುತ್ತಿರುವುದು ಈಗ, 2027-28ರವರೆಗೂ ದಾಟಲಿವೆ. ಇಂಥ ಹೊತ್ತಿನಲ್ಲಿ ಕಲಿಕಾ ಚೇತರಿಕೆಯ ಉತ್ಸಾಹ ತಣ್ಣಗಾಗಿರುವುದು ನನಗೆ ಬಹಳ ಕಳವಳ ತಂದಿದೆ.

ಈ ಮಕ್ಕಳಿಗೆ ಹೆಚ್ಚಿನ ಬೋಧನೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಸೇರಿಸಿದೆ. ಆದರೆ ಆ ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿಗೇ ಮುಗಿಯುತ್ತದೆ. ಒಂಬತ್ತು ಮತ್ತು ಹತ್ತನೇ ತರಗತಿಯ ಮಗುವಿಗೆ ಈ ರಕ್ಷಣೆ ಇಲ್ಲ. ಇನ್ನೊಂದು ಕೊರತೆ, ಕರ್ತವ್ಯವನ್ನು ಹೇಳಿದ ಕಾಯ್ದೆ ಈ ಹೆಚ್ಚುವರಿ ಬೋಧನೆಗೆಂದೇ ಪ್ರತ್ಯೇಕ ಹಣವನ್ನು ಗೊತ್ತುಮಾಡಲಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ಬರುವ ವಾರ್ಷಿಕ ಸಂಯುಕ್ತ ಅನುದಾನವನ್ನೇ ನೋಡೋಣ: 31ರಿಂದ 100 ಮಕ್ಕಳಿರುವ ಶಾಲೆಗೆ 25,000 ರೂಪಾಯಿ, 101ರಿಂದ 250 ಮಕ್ಕಳಿರುವ ಶಾಲೆಗೆ 50,000 ರೂಪಾಯಿ, 251ರಿಂದ 1,000 ಮಕ್ಕಳಿದ್ದರೆ 75,000 ರೂಪಾಯಿ. ವಿದ್ಯುತ್ ಬಿಲ್, ಕುಡಿಯುವ ನೀರು, ಸೀಮೆಸುಣ್ಣ, ಪ್ರಯೋಗಾಲಯದ ಸಾಮಗ್ರಿ, ಶೌಚಾಲಯದ ಸ್ವಚ್ಛತೆ, ಸಣ್ಣಪುಟ್ಟ ದುರಸ್ತಿ ಎಲ್ಲವೂ ಇದರಲ್ಲೇ ಆಗಬೇಕು. ಇದರಲ್ಲಿ ಉಳಿಸಿ ಹಿಂದೆ ಬಿದ್ದ ಮಕ್ಕಳಿಗೆ ಒಬ್ಬ ಬೋಧಕರನ್ನು ನೇಮಿಸಿಕೊಳ್ಳಿ ಎಂದು ಯಾವ ಮುಖ್ಯ ಶಿಕ್ಷಕರಿಗೂ ಹೇಳಲಾಗದು.

ಸರ್ಕಾರ ಏನನ್ನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾಗುತ್ತದೆ. ಪ್ರತಿ ವರ್ಷದ ಆರಂಭದಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸಿ ಕೊರತೆಯನ್ನು ತುಂಬುವ ಸೇತುಬಂಧ ನಡೆಯುತ್ತದೆ. 2022-23ನ್ನು ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಿ, ಹಿಂದಿನ ತರಗತಿಗಳ ಸಾಮರ್ಥ್ಯಗಳನ್ನು ಸೇರಿಸಿದ ಕಲಿಕಾ ಹಾಳೆಗಳನ್ನು ಮಕ್ಕಳಿಗೆ ಕೊಡಲಾಯಿತು; ಆ ಚಿಂತನೆ ಸರಿಯಾಗಿತ್ತು, ಅದಕ್ಕಾಗಿ ದುಡಿದ ಶಿಕ್ಷಕರ ಶ್ರಮ ದೊಡ್ಡದು. ನಂತರ ಮರುಸಿಂಚನ ಎಂಬ ಪೂರಕ ಬೋಧನಾ ಕಾರ್ಯಕ್ರಮವೂ ಬಂದಿತು. ಇವುಗಳಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆ ಒಂದೇ: ಪುಸ್ತಕ, ಹಾಳೆ, ತರಬೇತಿ ಮತ್ತು ಸುತ್ತೋಲೆ ಬರುತ್ತವೆ, ಕಲಿಸುವ ಇನ್ನೊಬ್ಬ ವ್ಯಕ್ತಿ ಬರುವುದಿಲ್ಲ. ಐವತ್ತು ಅರವತ್ತು ಮಕ್ಕಳ ತರಗತಿಯನ್ನು ನಿಭಾಯಿಸುತ್ತಿರುವ ಅದೇ ಶಿಕ್ಷಕಿ ಸೇತುಬಂಧದ ಪೂರ್ವ ಪರೀಕ್ಷೆ ಮಾಡಿ, ಅಂಕ ದಾಖಲಿಸಿ, ಪರಿಹಾರ ಬೋಧನೆಯ ಕ್ರಿಯಾ ಯೋಜನೆ ಬರೆದು, ಕೆಲವೇ ವಾರಗಳಲ್ಲಿ ಸಾಫಲ್ಯ ಪರೀಕ್ಷೆ ಮುಗಿಸಿ ಪಾಠಕ್ಕೆ ತೊಡಗಬೇಕು. ಐದು ವರ್ಷದ ಕೊರತೆಯನ್ನು ಕೆಲವು ವಾರಗಳಲ್ಲಿ ತುಂಬಲಾಗದು ಎಂಬುದು ಅವರಿಗೆ ಗೊತ್ತು, ಅವರ ಮೇಲಧಿಕಾರಿಗಳಿಗೂ ಗೊತ್ತು. ಆದರೂ ನಮೂನೆ ಭರ್ತಿಯಾಗಿ ಕಡತ ಸೇರುತ್ತದೆ.

ಹತ್ತನೇ ತರಗತಿಯಲ್ಲಿ ಮಾತ್ರ ಎಲ್ಲವೂ ಇದ್ದಕ್ಕಿದ್ದಂತೆ ಒದಗುತ್ತದೆ. ಬೆಳಗಿನ ಮತ್ತು ಸಂಜೆಯ ವಿಶೇಷ ತರಗತಿ, ಶಿಕ್ಷಕರಿಗೆ ಮಕ್ಕಳನ್ನು ದತ್ತು ಕೊಡುವುದು, ಸರಣಿ ಪರೀಕ್ಷೆ, ಕೊನೆಗೆ ಪಾಸಿಂಗ್ ಪ್ಯಾಕೇಜ್. ಯಾವ ಪ್ರಮೇಯ ಬರಬಹುದು, ಯಾವ ಚಿತ್ರ ಬರೆದರೆ ಎಷ್ಟು ಅಂಕ, ಯಾವ ಪತ್ರಲೇಖನವನ್ನು ಬಾಯಿಪಾಠ ಮಾಡಬೇಕು ಎಂಬುದರ ಆ ಕಿರುಹೊತ್ತಗೆಯಿಂದ ಎಷ್ಟೋ ಮಕ್ಕಳು ಉತ್ತೀರ್ಣರಾಗಿದ್ದಾರೆ; ಅವರ ಸಂತೋಷವನ್ನು ಕಡಿಮೆ ಎಂದು ನಾನು ಹೇಳಲಾರೆ. ಆದರೆ ಅದರಿಂದ ಭಾಗಾಕಾರ ಬರುವುದಿಲ್ಲ. ಪಿಯುಸಿಗೋ ಐಟಿಐಗೋ ಡಿಪ್ಲೊಮಾಕ್ಕೋ ಸೇರಿದ ಮೊದಲ ವರ್ಷವೇ ಆ ಮಗು ಮತ್ತೆ ಅದೇ ಗೋಡೆಗೆ ಮುಖಾಮುಖಿಯಾಗುತ್ತದೆ, ಆಗ ಅದರ ಕೈ ಹಿಡಿಯಲು ದತ್ತು ಪಡೆದ ಶಿಕ್ಷಕರು ಇರುವುದಿಲ್ಲ.

ಬೇರೆಡೆ ಇದನ್ನು ಹೇಗೆ ನಿಭಾಯಿಸಿದರು ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಗಮನಾರ್ಹ. ಅಲ್ಲಿ ಪ್ರಾಥಮಿಕ ಶಿಕ್ಷಣದ ಕೊನೆಯಲ್ಲಿ ಓದು ಅಥವಾ ಗಣಿತದಲ್ಲಿ ನಿರೀಕ್ಷಿತ ಮಟ್ಟವನ್ನು ಮುಟ್ಟದೆ ಪ್ರೌಢಶಾಲೆಯ ಮೊದಲ ತರಗತಿಗೆ ಬಂದ ಪ್ರತಿ ಮಗುವಿನ ಲೆಕ್ಕದಲ್ಲಿ ಶಾಲೆಗೆ 500 ಪೌಂಡ್ ಹೆಚ್ಚುವರಿ ಅನುದಾನ ಕೊಡುವ ಪದ್ಧತಿ 2013ರಲ್ಲಿ ಜಾರಿಗೆ ಬಂದಿತು. ಹಣವನ್ನು ಹೇಗೆ ಬಳಸಬೇಕೆಂಬ ತೀರ್ಮಾನ ಶಾಲೆಯದ್ದು. ಹೇಗೆ ಬಳಸಿದೆವೆಂದು ಪೋಷಕರಿಗೆ ಕಾಣುವಂತೆ ಪ್ರಕಟಿಸುವುದು ಕಡ್ಡಾಯವಾಗಿತ್ತು. ಹಣ ಪ್ರವೇಶ ಹಂತದಲ್ಲೇ ಬರುತ್ತಿತ್ತು, ಹಿಂದೆ ಬಿದ್ದ ಮಗುವಿನ ಹೆಸರಿಗೆ ಅಂಟಿಕೊಂಡು ಬರುತ್ತಿತ್ತು ಎಂಬ ಎರಡು ಅಂಶಗಳು ನಮಗೆ ಬೇಕಾದವು. ಅಲ್ಲಿನ ಎಡವಟ್ಟುಗಳಿಂದಲೂ ನಾವು ಕಲಿಯಬೇಕು. ಆ ಅನುದಾನವನ್ನು 2020ರಲ್ಲಿ ನಿಲ್ಲಿಸಲಾಯಿತು. ಕೋವಿಡ್ ನಂತರ ಬಂದ ರಾಷ್ಟ್ರೀಯ ಬೋಧನಾ ಕಾರ್ಯಕ್ರಮದಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳುವ ವೆಚ್ಚದ ಶೇ 75ರಷ್ಟನ್ನು ಮೊದಲು ಸರ್ಕಾರ ಭರಿಸಿತು. ನಂತರ ಅದು ಶೇ 60ಕ್ಕೆ, ಆಮೇಲೆ ಶೇ 50ಕ್ಕೆ ಇಳಿದು, 2024ರಲ್ಲಿ ಕಾರ್ಯಕ್ರಮವೇ ಮುಗಿಯಿತು. ಅಲ್ಲಿನ ಶಿಕ್ಷಣ ಚೇತರಿಕೆಯ ಹೊಣೆ ಹೊತ್ತಿದ್ದ ಸರ್ ಕೆವನ್ ಕಾಲಿನ್ಸ್, ಘೋಷಿಸಿದ ಮೊತ್ತ ಅಗತ್ಯಕ್ಕಿಂತ ತೀರಾ ಕಡಿಮೆಯೆಂದು 2021ರ ಜೂನ್‌ನಲ್ಲಿ ರಾಜೀನಾಮೆ ನೀಡಿದರು. ವರ್ಷ ವರ್ಷಕ್ಕೂ ಸವೆಯುವ ಅನುದಾನವನ್ನು ನಂಬಿ ಶಾಲೆಗಳು ಬೋಧಕರನ್ನು ಇಟ್ಟುಕೊಳ್ಳಲಾರವು. ಆದ್ದರಿಂದ ನಮ್ಮಲ್ಲಿ ಇಂಥದ್ದು ಬರುವುದಾದರೆ ಕನಿಷ್ಠ ಐದು ವರ್ಷಗಳ ಬದ್ಧತೆಯೊಂದಿಗೆ ಬರಬೇಕು.

ಇಂಗ್ಲೆಂಡಿನವರೆಗೆ ಹೋಗದೆಯೂ ನಮ್ಮ ದೇಶದಲ್ಲೇ ಸಾಕಷ್ಟು ಸಾಕ್ಷ್ಯವಿದೆ. ಇಪ್ಪತ್ತು ವರ್ಷಗಳಿಗೂ ಹಿಂದೆ ವಡೋದರಾ ಮತ್ತು ಮುಂಬೈನ ಪಾಲಿಕೆ ಶಾಲೆಗಳಲ್ಲಿ, ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ನೆರವಿನಿಂದ, ಹಿಂದೆ ಬಿದ್ದ ಮಕ್ಕಳನ್ನು ದಿನದ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಕೂರಿಸಿ, ಬಾಲಸಖಿ ಎಂದು ಕರೆಯಲಾದ ಸ್ಥಳೀಯ ಯುವತಿಯರಿಂದ ಮೂಲ ಪಾಠ ಹೇಳಿಸಿದಾಗ ಅವರ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಅದನ್ನು ಅಧ್ಯಯನ ಮಾಡಿದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದವರಲ್ಲಿ ಇಬ್ಬರು. ಅದೇ ವಿಧಾನವನ್ನು ಬೇರೆ ರಾಜ್ಯಗಳ ಸರ್ಕಾರಿ ಶಾಲೆಗಳಿಗೆ ಒಯ್ದಾಗ, ಕೇವಲ ತರಬೇತಿಯನ್ನೂ ಸಾಮಗ್ರಿಯನ್ನೂ ಕೊಟ್ಟ ಕಡೆ ಶಿಕ್ಷಕರು ಪಠ್ಯಕ್ರಮ ಮುಗಿಸುವ ಒತ್ತಡಕ್ಕೆ ಮರಳಿದರು; ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಮೇಲ್ವಿಚಾರಕರನ್ನೂ ಅದರಲ್ಲಿ ತೊಡಗಿಸಿದಾಗ ಫಲ ಸಿಕ್ಕಿತು. ದೆಹಲಿಯಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಮಾಧ್ಯಮಿಕ ಹಂತದ ಮಕ್ಕಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದೆ ಇದ್ದರು. ಸಾಮಾನ್ಯ ಪಾಠದಿಂದ ತರಗತಿಯ ಕೆಳಗಿನ ಮೂರನೇ ಒಂದು ಭಾಗದ ಮಕ್ಕಳಿಗೆ ಹೆಚ್ಚುಕಡಿಮೆ ಏನೂ ದಕ್ಕುತ್ತಿರಲಿಲ್ಲ ಎಂಬುದು ಅದರ ಅತಿ ನೋವಿನ ಮಾತು. ಆ ಮಕ್ಕಳು ದಿನವೂ ಶಾಲೆಗೆ ಬರುತ್ತಿದ್ದವರು, ಹಾಜರಾತಿ ಪುಸ್ತಕದಲ್ಲಿ ಹೆಸರಿದ್ದವರು.

ಇದಕ್ಕೆ ಎಷ್ಟು ಹಣ ಬೇಕಾದೀತು? ನಾನು ಮಾಡಿದ ಸರಳ ಲೆಕ್ಕ ಇಷ್ಟು. 2025-26ರ ರಾಜ್ಯ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿದ ಮೇಲೆ ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ಸಿಗುವುದು 12,500 ರೂಪಾಯಿ. ಇದೇ ದರದಲ್ಲಿ, ಎಂಟನೇ ತರಗತಿಯಲ್ಲಿ ಹಿಂದೆ ಬಿದ್ದ 25 ಮಕ್ಕಳಿರುವ ಶಾಲೆಯೊಂದಕ್ಕೆ ಒಬ್ಬ ಬೋಧಕರನ್ನು ಹತ್ತು ತಿಂಗಳು ಇಟ್ಟುಕೊಂಡರೆ ವರ್ಷಕ್ಕೆ 1.25 ಲಕ್ಷ, ಮಗುವಿಗೆ 5,000 ರೂಪಾಯಿ ಆಗುತ್ತದೆ. ಈ ಗೌರವಧನ ಬೆಂಗಳೂರಿನಲ್ಲಿ ಬದುಕಲು ಸಾಲದು ಎಂಬುದನ್ನು ನಾನು ಬಲ್ಲೆ, ಅದನ್ನು ಹೆಚ್ಚಿಸಲೇಬೇಕು. ಹೆಚ್ಚಿಸಿದರೂ ಮಗುವಿನ ಲೆಕ್ಕದ ಮೊತ್ತ ಎಟುಕದಷ್ಟು ದೂರ ಹೋಗುವುದಿಲ್ಲ. ಈ ಬೋಧಕರ ಕೆಲಸ ಸ್ಪಷ್ಟವಾಗಿರಬೇಕು: ದಿನಕ್ಕೆ ಒಂದು ಅವಧಿ ಓದು ಬರಹ, ಒಂದು ಅವಧಿ ಲೆಕ್ಕ, ಗುಂಪಿನಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಮಕ್ಕಳಿಲ್ಲ, ಪಠ್ಯಕ್ರಮ ಮುಗಿಸುವ ಹೊಣೆ ಇಲ್ಲ. ಡಿ.ಇಡಿ., ಬಿ.ಇಡಿ. ಮುಗಿಸಿ ಕೆಲಸಕ್ಕಾಗಿ ಕಾಯುತ್ತಿರುವ ಯುವಕ ಯುವತಿಯರು ಈ ನಗರದ ಪ್ರತಿ ಬಡಾವಣೆಯಲ್ಲೂ ಇದ್ದಾರೆ.

ಬೆಂಗಳೂರಿನ ವಿಚಾರವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಮಕ್ಕಳ ಓದು ಮತ್ತು ಲೆಕ್ಕದ ಬಗ್ಗೆ ನಾವೆಲ್ಲ ಉಲ್ಲೇಖಿಸುವ ಅಸರ್ ವರದಿ ಗ್ರಾಮೀಣ ಸಮೀಕ್ಷೆ. 2023ರಲ್ಲಿ ದೇಶದ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಪರೀಕ್ಷಿಸಿದಾಗ ಸುಮಾರು ನಾಲ್ಕನೇ ಒಂದು ಭಾಗದವರಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾಗಲಿಲ್ಲ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬರಲಿಲ್ಲ ಎಂಬುದು ಆ ಸಮೀಕ್ಷೆಯಿಂದ ತಿಳಿಯಿತು. ಲಗ್ಗೆರೆಯ, ಗೊರಗುಂಟೆಪಾಳ್ಯದ, ಡಿ.ಜೆ. ಹಳ್ಳಿಯ, ಬೊಮ್ಮನಹಳ್ಳಿಯ ಮಕ್ಕಳು ಆ ಲೆಕ್ಕದೊಳಗೆ ಬರುವುದೇ ಇಲ್ಲ. ರಾಜಧಾನಿಯ ಮಕ್ಕಳು ಹೇಗೋ ಕಲಿಯುತ್ತಾರೆಂಬ ಊಹೆಯೇ ಅವರ ಪಾಲಿಗೆ ಮುಳುವಾಗಿದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಕೆಲಸ ಮುಗಿದ ಕಡೆಯಿಂದ ಕೆಲಸ ಸಿಕ್ಕ ಕಡೆಗೆ, ವರ್ಷದ ನಡುವೆಯೇ, ಶಾಲೆ ಬದಲಿಸುತ್ತಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಅಥವಾ ಬಂಗಾಳಿ ಆಡುವ ಮಕ್ಕಳಿಗೆ ಕನ್ನಡ ಮಾಧ್ಯಮದ ಎಂಟನೇ ತರಗತಿಯ ಪಠ್ಯ ಎರಡು ಪಟ್ಟು ಭಾರ. ಏಳನೆಯವರೆಗೆ ಕನ್ನಡದಲ್ಲಿ ಓದಿ ಎಂಟರಲ್ಲಿ ಆಂಗ್ಲ ಮಾಧ್ಯಮ ವಿಭಾಗಕ್ಕೆ ಸೇರಿದವರ ಕಷ್ಟವೂ ಹೀಗೆಯೇ. ಆದ್ದರಿಂದ ಅನುದಾನವನ್ನು ಶಾಲೆಗೆ ಒಟ್ಟಾಗಿ ಕೊಡುವ ಬದಲು ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಮಗುವಿಗಿರುವ ಸಂಖ್ಯೆಗೆ ಜೋಡಿಸಿದರೆ, ಮಗು ಹೊಸ ಶಾಲೆಗೆ ಹೋದಾಗ ಅದರ ಕಲಿಕೆಯ ದಾಖಲೆಯೂ ಉಳಿದ ಹಣವೂ ಜತೆಗೆ ಹೋಗುತ್ತವೆ. ಇದರಲ್ಲಿ ಶಿಕ್ಷಣ ಇಲಾಖೆಯ ಶಾಲೆಗಳಷ್ಟೇ ಅಲ್ಲ, ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯಾಪ್ತಿಗೆ ಬಂದಿರುವ ಪಾಲಿಕೆ ಪ್ರೌಢಶಾಲೆಗಳೂ, ಶಿಕ್ಷಕರು ನಿವೃತ್ತರಾದ ಹುದ್ದೆಗಳು ತುಂಬದೆ ಸೊರಗಿರುವ ಹಳೆಯ ಅನುದಾನಿತ ಶಾಲೆಗಳೂ ಸೇರಬೇಕು. ಬಡವರ ಮಕ್ಕಳು ಮೂರರಲ್ಲೂ ಇದ್ದಾರೆ.

ಹಿಂದೆ ಬಿದ್ದವರ ಸಂಖ್ಯೆಗೆ ಹಣ ಕೊಟ್ಟರೆ ಶಾಲೆಗಳು ಸಂಖ್ಯೆಯನ್ನು ಹೆಚ್ಚಿಸಿ ತೋರಿಸಬಹುದು ಎಂಬ ಆಕ್ಷೇಪ ಬರುತ್ತದೆ. ಅದು ನ್ಯಾಯವಾದದ್ದೇ, ಅದಕ್ಕಾಗಿ ಹಿಂದೆ ಬಿದ್ದವರನ್ನು ಗುರುತಿಸುವ ಜೂನ್ ತಿಂಗಳ ನೈದಾನಿಕ ಪರೀಕ್ಷೆಯನ್ನು ಅದೇ ಶಾಲೆಯವರ ಬದಲು ನೆರೆಯ ಕ್ಲಸ್ಟರಿನ (ಶಾಲಾ ಗುಂಪಿನ) ಶಿಕ್ಷಕರು ನಡೆಸಲಿ. ಪರೀಕ್ಷೆ ಸರಳವಾಗಿರಲಿ, ಮಗುವನ್ನು ಎದುರು ಕೂರಿಸಿಕೊಂಡು ಒಂದು ಪುಟ ಓದಿಸಿ ನಾಲ್ಕು ಲೆಕ್ಕ ಮಾಡಿಸಿದರೆ ಸಾಕು. ಮಕ್ಕಳಿಗೆ ಹಣೆಪಟ್ಟಿ ಕಟ್ಟಿದಂತಾಗುತ್ತದೆ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹದಿಮೂರು ವರ್ಷದ ಹುಡುಗಿಗೆ ಸಹಪಾಠಿಗಳ ಮುಂದೆ ಎರಡನೇ ತರಗತಿಯ ಪುಸ್ತಕ ಕೊಡುವುದು ಅವಮಾನ. ಅವರಿಗೆ ಬೇಕಾದದ್ದು ಅವರ ವಯಸ್ಸಿಗೆ ಒಪ್ಪುವ ವಿಷಯವಿರುವ, ಆದರೆ ಸರಳ ವಾಕ್ಯಗಳ ಓದುಪಾಠ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಇಂಥವನ್ನು ಸಿದ್ಧಪಡಿಸಬಲ್ಲದು. ಪ್ರತ್ಯೇಕ ವಿಭಾಗ ಮಾಡಿ ವರ್ಷವಿಡೀ ಬೇರೆ ಕೂರಿಸುವುದು ಬೇಡವೇ ಬೇಡ. ದಿನದ ಎರಡು ಅವಧಿ ಗುಂಪಿನಲ್ಲಿ, ಉಳಿದ ಹೊತ್ತು ಎಲ್ಲರೊಡನೆ, ಎರಡು ತಿಂಗಳಿಗೊಮ್ಮೆ ಗುಂಪಿನ ಮರುಹೊಂದಾಣಿಕೆ, ಸಾಮರ್ಥ್ಯ ಬಂದ ಮಗು ಗುಂಪಿನಿಂದ ಹೊರಗೆ.

ಶಿಕ್ಷಕರ ಸಮಯದ ಬಗ್ಗೆಯೂ ಒಂದು ಮಾತು. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಲಾಯಿತು. ಖಾಸಗಿ ಶಾಲೆಗಳ ಮಕ್ಕಳು ಆಗ ಪಾಠ ಕೇಳುತ್ತಿದ್ದರು. ಸಮೀಕ್ಷೆಯ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂಥ ಪ್ರತಿ ಕೆಲಸದಲ್ಲೂ ಪಾಠದ ದಿನಗಳನ್ನು ಕಳೆದುಕೊಳ್ಳುವವರು ಇದೇ ಮಕ್ಕಳು. ಈ ಅನುದಾನದಿಂದ ನೇಮಕವಾಗುವ ಬೋಧಕರನ್ನು ಚುನಾವಣೆ, ಗಣತಿ, ಮತದಾರರ ಪಟ್ಟಿ ಮುಂತಾದ ಯಾವ ಕೆಲಸಕ್ಕೂ ಕಳಿಸುವಂತಿಲ್ಲ ಎಂದು ಆದೇಶದಲ್ಲೇ ಬರೆಯಬೇಕು.

ಮುಂದಿನ ಬಜೆಟ್‌ನ ಪೂರ್ವಭಾವಿ ಸಭೆಗಳಲ್ಲಿ ಶಾಲಾ ಶಿಕ್ಷಣ ಇಲಾಖೆ ಈ ಅನುದಾನಕ್ಕೆ ಪ್ರತ್ಯೇಕ ಲೆಕ್ಕ ಶೀರ್ಷಿಕೆಯನ್ನು ಕೇಳಬೇಕೆಂದು, ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಬೆಂಗಳೂರು ಉತ್ತರ ಮತ್ತು ದಕ್ಷಿಣ ಶೈಕ್ಷಣಿಕ ಜಿಲ್ಲೆಗಳಲ್ಲೂ ಕಲ್ಯಾಣ ಕರ್ನಾಟಕದ ಒಂದೆರಡು ಜಿಲ್ಲೆಗಳಲ್ಲೂ ಮೊದಲು ಆರಂಭಿಸಬೇಕೆಂದು ಮಾನ್ಯ ಶಿಕ್ಷಣ ಸಚಿವರನ್ನು ವಿನಂತಿಸುತ್ತೇನೆ. ಶಾಲೆಗಳ ಅನುದಾನ ಡಿಸೆಂಬರ್‌ನಲ್ಲೋ ಫೆಬ್ರವರಿಯಲ್ಲೋ ಖಾತೆಗೆ ಬಂದು, ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಿ ಎಂಬ ಒತ್ತಡದಲ್ಲಿ ಮುಗಿದುಹೋಗುವುದನ್ನು ಮುಖ್ಯ ಶಿಕ್ಷಕರೆಲ್ಲರೂ ಬಲ್ಲರು. ಆ ರೀತಿ ಬಂದ ಹಣದಿಂದ ಬೀರು ಕೊಳ್ಳಬಹುದು, ಗೋಡೆಗೆ ಬಣ್ಣ ಬಳಿಸಬಹುದು. ಯಾರನ್ನೂ ನೇಮಿಸಿಕೊಂಡು ಪಾಠ ಹೇಳಿಸಲಾಗದು. ಆದ್ದರಿಂದ ನೈದಾನಿಕ ಪರೀಕ್ಷೆ ಜೂನ್ ಎರಡನೇ ವಾರದಲ್ಲಿ ಮುಗಿದು, ಮೊದಲ ಕಂತು ಜೂನ್ ಅಂತ್ಯದೊಳಗೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಖಾತೆ ಸೇರಿ, ಜುಲೈ ಮೊದಲ ವಾರದಿಂದಲೇ ಬೋಧಕರು ತರಗತಿಯಲ್ಲಿರುವಂತೆ ವೇಳಾಪಟ್ಟಿಯನ್ನು ಆದೇಶದೊಂದಿಗೇ ಹೊರಡಿಸಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕಿ,
ರಾಜಾಜಿನಗರ, ಬೆಂಗಳೂರು